ಅಡುಗೆಮನೆಯ ನಲ್ಲಿಯಲ್ಲಿ ಇಷ್ಟೆಲ್ಲ ನಡೆಯುತ್ತದೆಯೇ!

ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಬಿಗಿದು ನೀರು ಸೋಸಿದರೆ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ! ಇದು ಯಾರೋ ಅಜ್ಜಿ ಹೇಳಿದ ಮಾತಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ನಡುವೆ ನಡೆದ ಪ್ರಯೋಗದ ಫಲಿತಾಂಶ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಅದನ್ನು ಪ್ರಕಟಿಸಿದರು. ಸೀರೆಯಲ್ಲಿ ಸೋಸಿದ ಮನೆಗಳಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು.

ಬೆರಗು ಇರುವುದು ಲೆಕ್ಕದಲ್ಲಲ್ಲ, ಕಾರಣದಲ್ಲಿ. ಕಾಲರಾ ರೋಗಾಣುವಿನ ಉದ್ದ ಒಂದೆರಡು ಮೈಕ್ರಾನ್ ಮಾತ್ರ. ಅಂದರೆ ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲಿ ಒಂದೋ ಎರಡೋ ಪಾಲು. ನಾಲ್ಕು ಮಡಿಕೆಯ ಸೀರೆಯಲ್ಲಿ ಉಳಿಯುವ ಸಂದು ಸುಮಾರು 20 ಮೈಕ್ರಾನ್. ಅಷ್ಟು ಜಾಗದಲ್ಲಿ ರೋಗಾಣುಗಳ ಒಂದು ಸಾಲೇ ನುಸುಳಿ ಹೋಗಬಹುದು. ಆದರೂ ಬಟ್ಟೆ ತಡೆಯುತ್ತದೆ! ಏಕೆಂದರೆ ಕೆರೆ, ಹೊಳೆಗಳಲ್ಲಿ ಈ ರೋಗಾಣು ಒಂಟಿಯಾಗಿ ಅಲೆಯುವುದು ಕಡಿಮೆ. ಕೋಪೆಪಾಡ್ ಎಂಬ ಅತಿ ಪುಟ್ಟ ಜಲಜೀವಿಯ ಮೈಗೆ ಸಾವಿರಾರು ಸಂಖ್ಯೆಯಲ್ಲಿ ಅಂಟಿಕೊಂಡು ಸವಾರಿ ಮಾಡುತ್ತದೆ. ಕೋಪೆಪಾಡ್ ಬಟ್ಟೆಯಲ್ಲಿ ಸಿಕ್ಕಿಬಿದ್ದರೆ ಸವಾರರೂ ಸಿಕ್ಕಿಬಿದ್ದಂತೆ. ಇನ್ನೊಂದು ಮಾತು: ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ಎಳೆಗಳು ನವಿರೆದ್ದು ಸಂದುಗಳು ಇನ್ನಷ್ಟು ಕಿರಿದಾಗಿರುತ್ತವೆ.

ಈ ಸಂಗತಿ ತಿಳಿದ ದಿನದಿಂದ ಅಡುಗೆಮನೆಯ ಕಟ್ಟೆಯನ್ನು ನಾನು ಮೊದಲಿನ ಕಣ್ಣಿನಿಂದ ನೋಡಿಲ್ಲ. ನಲ್ಲಿಗೆ ಕಟ್ಟಿದ ಬಿಳಿ ಬಟ್ಟೆ, ಮೂಲೆಯ ತಾಮ್ರದ ಬಿಂದಿಗೆ, ಡಬ್ಬದಲ್ಲಿ ಬಿದ್ದಿರುವ ಪಟಿಕದ ತುಂಡು, ಗೋಡೆಗೆ ನೇತುಹಾಕಿದ ಫಿಲ್ಟರ್, ಕುದಿಯುವ ಪಾತ್ರೆ, ಒಂದೊಂದರ ಹಿಂದೆಯೂ ಒಂದೊಂದು ಅದ್ಭುತ ಅಡಗಿದೆ. ಇವುಗಳಲ್ಲಿ ಯಾವುದೂ ನೀರನ್ನು ಸುಮ್ಮನೆ 'ಶುದ್ಧ' ಮಾಡುವುದಿಲ್ಲ. ಪ್ರತಿಯೊಂದೂ ತನಗೆ ಗೊತ್ತಿರುವ ಶತ್ರುವನ್ನಷ್ಟೇ ಹಿಡಿಯುತ್ತದೆ, ಉಳಿದದ್ದನ್ನು ಹಾಗೇ ಬಿಡುತ್ತದೆ. ಹಾಗಾಗಿ ಏನು ಕೊಳ್ಳಬೇಕು ಎನ್ನುವ ಮೊದಲೇ ನಮ್ಮ ನೀರಿನಲ್ಲಿ ಏನಿದೆ ಎಂದು ಕೇಳಬೇಕು.

ಬೆಂಗಳೂರಿನ ಒಂದು ಮನೆಯನ್ನೇ ನೋಡೋಣ. ಅಲ್ಲಿಗೆ ಎರಡು ನೀರು ಬರುತ್ತವೆ, ಎರಡರ ಚರಿತ್ರೆಯೂ ಬೇರೆ. ಒಂದು ಕಾವೇರಿ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ತಿಳಿಗೊಂಡು, ಮರಳಿನ ಹಾಸಿನಲ್ಲಿ ಇಳಿದು, ಕ್ಲೋರಿನ್ ಸೇರಿಸಿಕೊಂಡು ಹೊರಡುತ್ತದೆ. ಆಮೇಲೆ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಿನ ಹೊಡೆತ ತಿಂದು ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರ ಹತ್ತಿ ನಮ್ಮ ನಲ್ಲಿಗೆ ಬರುತ್ತದೆ. ನದಿಗಳೆಲ್ಲ ಇಳಿಯುತ್ತವೆ, ಈ ನೀರು ಬೆಟ್ಟ ಹತ್ತುತ್ತದೆ! 1974ರಲ್ಲಿ ಮೊದಲ ಹಂತ ಬಂದಾಗಿನಿಂದ ಇದು ಹಗಲೂ ರಾತ್ರಿ ನಡೆಯುತ್ತಲೇ ಇದೆ.

ಇನ್ನೊಂದು ಬೋರ್ ನೀರು. ಅದು ಬರುವುದು ಕಲ್ಲಿನ ಒಳಗಿಂದ. ಲಾಲ್‌ಬಾಗ್ ಗುಡ್ಡದ ಮೇಲೆ ನಿಂತವರ ಕಾಲ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಊರಿನ ಅಡಿಯಲ್ಲಿ ಹಬ್ಬಿರುವುದೂ ಅದೇ ಕುಲದ ಕಲ್ಲು. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ಹರಿದ ನೀರು ದಾರಿಯುದ್ದಕ್ಕೂ ಸುಣ್ಣ, ಮೆಗ್ನೀಸಿಯಂ, ಮತ್ತಿತರ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಕರೆ, ಗೀಸರಿನ ಒಳಗಿನ ಗಟ್ಟಿ ಪದರ, ಎಷ್ಟು ಉಜ್ಜಿದರೂ ನೊರೆ ಬಾರದ ಸಾಬೂನು, ಎಷ್ಟು ವಿಸಿಲ್ ಹೊಡೆಸಿದರೂ ಕರಗದ ತೊಗರಿಬೇಳೆ ಎಲ್ಲವೂ ಇದರ ಫಲ. ಬೇಳೆ ಬೇಯದಿರುವ ಗುಟ್ಟೂ ಸೊಗಸಾಗಿದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್‌ಗೆ ನೀರಿನ ಕ್ಯಾಲ್ಸಿಯಂ ಹೋಗಿ ಬಿಗಿದುಕೊಳ್ಳುತ್ತದೆ, ಅಂಟು ಸಡಿಲವಾಗುವುದೇ ಇಲ್ಲ.

ಹಾಗಾದರೆ ಯಾವ ನೀರಿನಲ್ಲಿ ಏನು ಎಷ್ಟಿದೆ? ಪೆನ್ನಿನ ಗಾತ್ರದ ಟಿಡಿಎಸ್ ಮೀಟರನ್ನು ಲೋಟದಲ್ಲಿ ಅದ್ದಿ ನೋಡಿ. ತುದಿಯಲ್ಲಿ ಎರಡು ಪುಟ್ಟ ಕಡ್ಡಿಗಳಿವೆ. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ವಿದ್ಯುತ್ ಸಲೀಸಾಗಿ ದಾಟುತ್ತದೆ. ಮೀಟರು ಅದನ್ನು ಅಳೆದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಅಂಕಿಯಾಗಿ ತೋರಿಸುತ್ತದೆ, ಅಷ್ಟೇ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿಗೆ 500ರ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 2000ದ ತನಕ ಸಹಿಸಬಹುದು. ಕಾವೇರಿ ನೀರು ಸಾಮಾನ್ಯವಾಗಿ 500ಕ್ಕಿಂತ ಕೆಳಗೇ ನಿಲ್ಲುತ್ತದೆ, ಬೋರ್ ನೀರು ಎಷ್ಟೋ ಬಡಾವಣೆಗಳಲ್ಲಿ ಅದನ್ನು ದಾಟುತ್ತದೆ. ಆದರೆ ಈ ಮೀಟರಿಗೆ ರೋಗಾಣು ಕಾಣುವುದಿಲ್ಲ. ಟೈಫಾಯ್ಡ್ ತುಂಬಿದ ನೀರೂ 150 ಎಂದು ತೋರಿಸಿ ನಗಬಹುದು. ಈ ಅಂಕಿಯನ್ನಷ್ಟೇ ತೋರಿಸಿ ಯಂತ್ರ ಮಾರಲು ಬರುವವರ ಮುಂದೆ ಇದು ನೆನಪಿರಬೇಕು.

ಈಗ ಪಟಿಕಕ್ಕೆ ಬರುತ್ತೇನೆ. ಇದನ್ನು ಬರಿಗಣ್ಣಿನಿಂದಲೇ ನೋಡಬಹುದು. ಮಳೆಗಾಲದ ಕೆಂಪು ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಡಿ. ಗಂಟೆಗಟ್ಟಲೆ ಕಾದರೂ ಅದು ತಿಳಿಯಾಗುವುದಿಲ್ಲ. ಮಣ್ಣಿನ ಕಣ ಮುಳುಗಬೇಕಲ್ಲವೇ? ಮುಳುಗುವುದಿಲ್ಲ, ಏಕೆಂದರೆ ಆ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತಿವೆ, ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಈಗ ಪಟಿಕದ ತುಂಡನ್ನು ಆ ನೀರಿನಲ್ಲಿ ನಾಲ್ಕು ಸುತ್ತು ತಿರುವಿ ತೆಗೆಯಿರಿ. ಕರಗಿದ ಅಲ್ಯೂಮಿನಿಯಂ ಧನ ವಿದ್ಯುದಂಶದ್ದು. ಕಣಗಳ ನಡುವಿನ ಜಗಳ ಅಲ್ಲಿಗೆ ಮುಗಿಯಿತು! ಸ್ವಲ್ಪ ಹೊತ್ತಿಗೆ ನೀರಿನ ನಡುವೆ ಮೋಡದ ಚೂರುಗಳಂಥ ಗರಿಗಳು ಮೂಡುತ್ತವೆ, ಒಂದಕ್ಕೊಂದು ಅಂಟುತ್ತವೆ, ದಪ್ಪವಾಗುತ್ತವೆ, ಮೆಲ್ಲಗೆ ಕೆಳಗಿಳಿಯುತ್ತವೆ. ಮೇಲಿನಿಂದ ತಿಳಿನೀರಿನ ಪಟ್ಟಿಯೊಂದು ಅಗಲವಾಗುತ್ತ ಬರುತ್ತದೆ. ಊರಿಗೆ ಕೋಟಿಗಟ್ಟಲೆ ಲೀಟರ್ ನೀರು ತಿಳಿಗೊಳಿಸುವ ದೊಡ್ಡ ಶುದ್ಧೀಕರಣ ಘಟಕಗಳಲ್ಲೂ ನಡೆಯುವುದು ಇದೇ.

ಪಟಿಕ ಇಲ್ಲದ ಕಾಲದಲ್ಲಿ ಬೀಜಗಳಿದ್ದವು. ಸುಶ್ರುತ ಸಂಹಿತೆಯಲ್ಲಿ ಕತಕ ಎಂದು ಕರೆದಿರುವ ಚಿಲ್ಲದ ಮರದ ಬೀಜವನ್ನು ಮಡಕೆಯ ಒಳಮೈಗೆ ಉಜ್ಜಿ ನೀರು ತುಂಬುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಸುಡಾನಿನ ನೈಲ್ ನದಿ ತೀರದ ಹೆಂಗಸರು ನುಗ್ಗೆಬೀಜ ಕುಟ್ಟಿ ಕಲಕುತ್ತಿದ್ದರು. ನುಗ್ಗೆಬೀಜದಲ್ಲಿ ಧನ ವಿದ್ಯುದಂಶದ ಪ್ರೋಟೀನ್ ಇದೆ ಎಂದು ವಿಜ್ಞಾನಿಗಳು ಗುರುತಿಸಿದ್ದು ಎಷ್ಟೋ ಕಾಲದ ಮೇಲೆ. ನಾವು ಸಾರಿನಲ್ಲಿ ಚೀಪಿ ಎಸೆಯುವ ಕಾಯಿಯ ಬೀಜ! ಆದರೆ ಬೀಜದಿಂದ ತಿಳಿಗೊಳಿಸಿದ ನೀರನ್ನು ದಿನಗಟ್ಟಲೆ ಇಡಬಾರದು, ಉಳಿದ ಸಾವಯವ ಅಂಶ ಕೊಳೆಯತೊಡಗುತ್ತದೆ. ಪಟಿಕವಾಗಲಿ ಬೀಜವಾಗಲಿ ಕೆಸರನ್ನೂ ಅದಕ್ಕೆ ಅಂಟಿದ ಕೆಲವು ರೋಗಾಣುಗಳನ್ನೂ ಇಳಿಸುತ್ತದೆ, ಎಲ್ಲವನ್ನೂ ಅಲ್ಲ. ತಿಳಿಯಾದ ಮೇಲೂ ಕುದಿಸಲೇಬೇಕು.

ಫಿಲ್ಟರಿನ ಒಳಗಿನ ಕಪ್ಪು ಪುಡಿಯನ್ನು ಎಂದಾದರೂ ಅಂಗೈಗೆ ಹಾಕಿಕೊಂಡು ನೋಡಿದ್ದೀರಾ? ತೆಂಗಿನ ಕರಟ ಸುಟ್ಟು, ಆಮೇಲೆ ಬಿಸಿ ಹಬೆಯಲ್ಲಿ ಮತ್ತೆ ಕಾಯಿಸಿ ಮೈಯೆಲ್ಲ ತೂತು ಮಾಡಿದ ಇದ್ದಿಲು ಅದು. ಒಂದು ಗ್ರಾಂ, ಚಿಟಿಕೆಗಿಂತ ತುಸು ಹೆಚ್ಚು. ಅದರ ಒಳತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಗಬಹುದು. ಅಂದರೆ 40×60ರ ನಾಲ್ಕು ಸೈಟು ತುಂಬಿಯೂ ಮಿಗುತ್ತದೆ! ಕ್ಲೋರಿನ್ನಿನ ಘಾಟು, ಪಾಚಿಯ ಮಣ್ಣುವಾಸನೆ, ಕೆಲವು ಕೀಟನಾಶಕಗಳ ಅಂಶ ಎಲ್ಲ ಆ ಗೋಡೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕರಗಿದ ಸುಣ್ಣವನ್ನಾಗಲಿ ಫ್ಲೋರೈಡನ್ನಾಗಲಿ ಇದ್ದಿಲು ಮುಟ್ಟುವುದಿಲ್ಲ. ಗೋಡೆಗಳು ತುಂಬಿದ ಮೇಲೆ ಏನನ್ನೂ ಹಿಡಿಯುವುದಿಲ್ಲ. ಕ್ಲೋರಿನ್ ಇಲ್ಲದ ಒದ್ದೆ ಇದ್ದಿಲು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಮನೆಯೂ ಹೌದು. ಹಾಗಾಗಿ ಕಾರ್ಟ್ರಿಜ್ ಬದಲಿಸುವ ದಿನವನ್ನು ಮುಂದೂಡಬಾರದು.

ಆರ್‌ಓ ಎಂದು ಮನೆಮನೆಯಲ್ಲೂ ಕರೆಯುವ ಯಂತ್ರದ ಕತೆಯಂತೂ ನನ್ನನ್ನು ನಿದ್ದೆಗೆಡಿಸಿದೆ. 1748ರಲ್ಲಿ ಫ್ರಾನ್ಸಿನ ಝಾನ್ ಆಂತ್ವಾನ್ ನೊಲೆ ಎಂಬ ಪಾದ್ರಿ ವಿಜ್ಞಾನಿ ಒಂದು ಬಾಟಲಿಗೆ ಮದ್ಯಸಾರ ತುಂಬಿ, ಬಾಯಿಗೆ ಹಂದಿಯ ಮೂತ್ರಕೋಶದ ತೊಗಲು ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟ. ಗಂಟೆಗಳು ಕಳೆದ ಮೇಲೆ ತೊಗಲು ಉಬ್ಬಿ ನಿಂತಿತ್ತು. ಸೂಜಿ ಚುಚ್ಚಿದರೆ ಒಳಗಿನದು ಚಿಮ್ಮಿ ಹಾರಿತು. ಹೊರಗಿನ ನೀರು ತಾನಾಗಿ ತೊಗಲು ದಾಟಿ ಒಳಗೆ ನುಗ್ಗಿತ್ತು! ತಿಳಿ ನೀರು ಗಟ್ಟಿ ದ್ರಾವಣದ ಕಡೆಗೇ ಸಾಗುತ್ತದೆ ಎಂದಾಯಿತು. ಹಾಗಾದರೆ ಉಪ್ಪುನೀರಿನ ಕಡೆಯಿಂದ ಬಲವಾಗಿ ಒತ್ತಿದರೆ? ನೀರು ಹಿಂದಕ್ಕೆ ದಾಟಬೇಕು, ಉಪ್ಪು ಇಲ್ಲೇ ಉಳಿಯಬೇಕು. ಯೋಚನೆ ಸುಲಭ. ಅಷ್ಟು ಒತ್ತಡ ತಡೆದು, ನೀರನ್ನು ಮಾತ್ರ ಬಿಟ್ಟು ಉಪ್ಪನ್ನು ತಡೆಯುವ ಪೊರೆ ಎಲ್ಲಿದೆ?

ಇನ್ನೂರು ವರ್ಷಗಳ ಮೇಲೆ, 1959ರ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಪ್ರಯೋಗಾಲಯದಲ್ಲಿ ಇಬ್ಬರು ಅದರ ಬೆನ್ನು ಬಿದ್ದಿದ್ದರು. ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. ಸೆಲ್ಯುಲೋಸ್ ಅಸಿಟೇಟಿನ ತೆಳು ಹಾಳೆಯನ್ನು ಬಿಸಿನೀರಿನಲ್ಲಿ ಕಾಯಿಸಿ ಪರೀಕ್ಷಿಸುತ್ತಿದ್ದರು. ಫಲಿತಾಂಶ ಮಾತ್ರ ಹುಚ್ಚುಹುಚ್ಚಾಗಿತ್ತು. ಒಂದು ಸಲ ಉಪ್ಪು ನಿಲ್ಲುತ್ತದೆ, ಅದೇ ಹಾಳೆಯಲ್ಲಿ ಇನ್ನೊಂದು ಸಲ ನಿಲ್ಲುವುದೇ ಇಲ್ಲ. ಕಾರಣ ಏನಿತ್ತು ಗೊತ್ತೇ? ಹಾಳೆಯ ಯಾವ ಮೈ ಉಪ್ಪುನೀರಿನ ಕಡೆಗಿದೆ ಎನ್ನುವುದು! ನೋಡಲು ಒಂದೇ ಥರದ ಎರಡು ಮೈಗಳಲ್ಲಿ ಒಂದರ ಮೇಲೆ ಮಾತ್ರ ಅತಿ ತೆಳುವಾದ ಬಿಗಿ ಚರ್ಮವಿತ್ತು, ಉಳಿದದ್ದೆಲ್ಲ ಅದಕ್ಕೆ ಆಧಾರವಾಗಿ ನಿಂತ ಸರಂಧ್ರ ಪದರ. ಚರ್ಮ ತೆಳುವಾಗಿದ್ದರಿಂದಲೇ ನೀರು ಬೇಗ ದಾಟುತ್ತಿತ್ತು, ಕೆಳಗಿನ ಪದರ ಇದ್ದುದರಿಂದಲೇ ಒತ್ತಡಕ್ಕೆ ಹರಿಯುತ್ತಿರಲಿಲ್ಲ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಊರು ಈ ಪೊರೆಯಿಂದ ಕುಡಿಯುವ ನೀರು ಪಡೆಯತೊಡಗಿತು. ಮುಂದೆ ಪೊರೆಯ ವಸ್ತು ಬದಲಾಗಿ ಪಾಲಿಅಮೈಡ್ ಆಯಿತು. ಆದರೆ ನಮ್ಮ ಅಡುಗೆಮನೆಯಲ್ಲಿ ಗುಂಯ್ ಎನ್ನುವ ಪಂಪಿನ ಮುಂದಿರುವುದು ಇವತ್ತಿಗೂ ಅದೇ ತತ್ವದ ಪೊರೆ: ತೆಳು ಚರ್ಮ, ದಪ್ಪ ಬೆನ್ನು.

ಇಷ್ಟು ಸೊಗಸಾದ ಯಂತ್ರ ಎಲ್ಲರ ಮನೆಗೂ ಬೇಕೇ? ಬೇಡ ಎಂದೇ ನನ್ನ ಗಟ್ಟಿ ಅಭಿಪ್ರಾಯ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿತ್ತು. ಒಂದು ಲೀಟರ್ ಒಳ್ಳೆಯ ನೀರು ಕೊಡಲು ಮನೆಯ ಆರ್‌ಓ ಎಷ್ಟೋ ಸಲ ಮೂರು ಲೀಟರ್ ಹೊರಗೆ ಬಿಡುತ್ತದೆ. ನೂರು ಕಿಲೋಮೀಟರ್ ಹತ್ತಿ ಬಂದ ಕಾವೇರಿಯನ್ನು ಹಾಗೆ ಮೋರಿಗೆ ಬಿಡಲು ಮನಸ್ಸು ಬರುವುದಾದರೂ ಹೇಗೆ? ಬೋರ್ ನೀರೇ ಗತಿ ಎಂದಿರುವ ಮನೆಯಲ್ಲಿ ಆರ್‌ಓ ಇರಲಿ, ಅದರ ಕೊಳವೆಯನ್ನು ಬಕೆಟ್ಟಿಗೆ ಬಿಡಿ. ನೆಲ ಒರೆಸಲು, ಟಾಯ್ಲೆಟ್ಟಿಗೆ ಹಾಕಲು ಆ ನೀರು ಧಾರಾಳ ಸಾಕು.

ಪಾವಗಡ, ಬಾಗೇಪಲ್ಲಿಗಳ ಮಾತು ಬೇರೆ. ಅಲ್ಲಿಯ ಬಂಡೆ ನೀರಿಗೆ ಫ್ಲೋರೈಡ್ ಕೊಡುತ್ತದೆ. ಅದಕ್ಕೆ ಬಣ್ಣ, ರುಚಿ, ವಾಸನೆ ಒಂದೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಲೆ. ಅದಕ್ಕಿಂತ ಬಹಳ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆಗೇ ತೊಂದರೆ. ಇಲ್ಲಿ ಕುದಿಸುವುದು ಸಹಾಯ ಮಾಡುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ! ಆರ್‌ಓ ನಿಜವಾಗಿ ಬೇಕಾದದ್ದು ಇಂಥ ಕಡೆ. ಸೂರಿನ ಮೇಲೆ ಬೀಳುವ ಮಳೆಯಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ತೊಟ್ಟಿಯಲ್ಲಿ ಹಿಡಿದಿಟ್ಟು ಕುದಿಸಿ ಕುಡಿದರೆ ಅದಕ್ಕಿಂತ ಒಳ್ಳೆಯ ನೀರು ಆ ಸೀಮೆಯಲ್ಲಿ ಸಿಗುವುದು ಕಷ್ಟ.

ರೋಗಾಣುಗಳ ವಿಷಯಕ್ಕೆ ಬಂದರೆ ಕುದಿಸುವುದನ್ನು ಮೀರಿಸಿದ್ದು ಇಂದಿಗೂ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಆದರೂ ಚಿಂತೆಯಿಲ್ಲ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು 70 ಡಿಗ್ರಿ ದಾಟುತ್ತಲೇ ಬೇಗ ಬೇಗ ಸಾಯತೊಡಗುತ್ತವೆ. ಗುಳ್ಳೆಗಳು ಬುಳುಬುಳು ಎದ್ದವೆಂದರೆ ಕೆಲಸ ಮುಗಿಯಿತು, ಅರ್ಧ ಗಂಟೆ ಗ್ಯಾಸ್ ಸುಡಬೇಕಿಲ್ಲ. ಬಿಸಿಲೂ ಈ ಕೆಲಸ ಮಾಡಬಲ್ಲದು ಎಂದು ತೋರಿಸಿದವರು ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಫ್ತಿಮ್ ಅಕ್ರಾ. ತಿಳಿನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯನ್ನು ತಗಡಿನ ಮೇಲೆ ಮಲಗಿಸಿ ಆರು ಗಂಟೆ ಬಿಸಿಲಿಗಿಟ್ಟರೆ ಸಾಕು, ಮೋಡವಿದ್ದರೆ ಎರಡು ದಿನ. ಗೋಡೆಯ ಯುವಿ (ಅತಿನೇರಳೆ) ಯಂತ್ರ ಇನ್ನೂ ತೀಕ್ಷ್ಣವಾದ ಬೆಳಕು ಬೀರುತ್ತದೆ. ರೋಗಾಣುವಿನ ಡಿಎನ್‌ಎಯನ್ನು ಗಂಟು ಹಾಕಿ ಅದು ಮತ್ತೆ ಮರಿ ಹಾಕದಂತೆ ಮಾಡುತ್ತದೆ. ಕಲಕಿದ ನೀರಿನಲ್ಲಿ ಮಾತ್ರ ಎರಡೂ ಸೋಲುತ್ತವೆ, ರೋಗಾಣು ಕೆಸರಿನ ನೆರಳಿನಲ್ಲಿ ಅಡಗಿಕೊಳ್ಳುತ್ತದೆ.

ತಾಮ್ರದ ಬಿಂದಿಗೆ? ನಮ್ಮ ಯಲಹಂಕದ ಬಳಿಯ ಸಂಶೋಧಕರೇ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕಾಲರಾ, ಟೈಫಾಯ್ಡ್, ಆಮಶಂಕೆಯ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಬೆಳೆಸಿ ನೋಡಿದರೆ ಒಂದೂ ಬೆಳೆಯಲಿಲ್ಲ! ನೀರಿಗಿಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2. ರಾತ್ರಿ ತುಂಬಿಟ್ಟು ಬೆಳಗ್ಗೆ ಕುಡಿಯುವ ಅಭ್ಯಾಸದ ಹಿಂದೆ ಇಂಥದ್ದೊಂದು ಇತ್ತೆಂದರೆ ಮೈ ನವಿರೇಳುತ್ತದೆ. ನಿಂಬೆರಸ, ಮಜ್ಜಿಗೆ ಮಾತ್ರ ಅದರಲ್ಲಿ ಬೇಡ, ಹುಳಿಗೆ ತಾಮ್ರ ಹೆಚ್ಚು ಕರಗುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಟ್ಟೆ ಕೆಡುವ ಮನೆಗಳಿವೆ. ಬೀದಿಯ ಪೈಪಿನಲ್ಲಿ ಚೆನ್ನಾಗಿದ್ದ ನೀರು ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ, ಕೊನೆಗೆ ಕೈ ಅದ್ದುವ ಕೊಳಗದಲ್ಲಿ ಕೆಡುತ್ತದೆ. ಎಲ್ಲಿ ಕೆಟ್ಟಿತೆಂದು ಪತ್ತೆ ಮಾಡುವ ಪುಟ್ಟ ಸೀಸೆಯೊಂದಿದೆ. ಭಾರತದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ಉಪಾಯ ಅದು. ಇವತ್ತು ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಕಿಟ್‌ಗಳಲ್ಲೂ ಇರುತ್ತದೆ. ಸೀಸೆಯೊಳಗೆ ರಾಸಾಯನಿಕ ಹೀರಿಸಿದ ಕಾಗದದ ಪಟ್ಟಿ, ಅಷ್ಟೇ. ಗುರುತು ಹಾಕಿದ ತನಕ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದರೆ ಅದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಆ ಅನಿಲ ಪಟ್ಟಿಯಲ್ಲಿರುವ ಕಬ್ಬಿಣವನ್ನು ಕೂಡುತ್ತದೆ, ತಿಳಿಯಾಗಿದ್ದ ನೀರು ಮಸಿಯಷ್ಟು ಕಪ್ಪಾಗುತ್ತದೆ! ಕಣ್ಣಿಗೆ ಕಾಣದ್ದು ಕಣ್ಣೆದುರೇ ಬಣ್ಣ ತಳೆದು ನಿಲ್ಲುತ್ತದೆ.

ನಾಲ್ಕು ಸೀಸೆ ತನ್ನಿ. ಒಂದಕ್ಕೆ ಬೀದಿ ಪೈಪಿನಿಂದ ನೇರ ಬರುವ ನೀರು, ಇನ್ನೊಂದಕ್ಕೆ ಸಂಪಿನದು, ಮತ್ತೊಂದಕ್ಕೆ ಮೇಲಿನ ಟ್ಯಾಂಕಿನಿಂದ ಇಳಿಯುವ ಅಡುಗೆಮನೆಯ ನಲ್ಲಿಯದು, ಕೊನೆಯದಕ್ಕೆ ದಿನಾ ಕುಡಿಯುವ ಪಾತ್ರೆಯದು. ಕೊನೆಯದು ಮಾತ್ರ ಕಪ್ಪಾದರೆ ಕೊಳಗ ಬಿಟ್ಟು ಕಿರುಬಾಯಿಯ ಬಿಂದಿಗೆಗೋ ನಲ್ಲಿ ಇರುವ ಡ್ರಮ್ಮಿಗೋ ಬದಲಾಯಿಸಿ. ಕಪ್ಪು ಸಂಪಿನಲ್ಲೋ ಟ್ಯಾಂಕಿನಲ್ಲೋ ಶುರುವಾಗಿದ್ದರೆ ಅದನ್ನು ಖಾಲಿ ಮಾಡಿಸಿ, ಉಜ್ಜಿಸಿ, ಮತ್ತೆ ತುಂಬಿಸಿ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಡಿ. ಬೀದಿ ಪೈಪಿನ ಸೀಸೆಯೇ ಕಪ್ಪಾದರೆ ಜಲಮಂಡಳಿಗೆ ಆ ದಿನವೇ ದೂರು ಕೊಡಿ, ಪೈಪು ಸರಿಯಾಗುವ ತನಕ ಕುದಿಸಿಯೇ ಕುಡಿಯಿರಿ. ಆಮೇಲೆ ಮತ್ತೆ ನಾಲ್ಕು ಸೀಸೆ ತುಂಬಿಸಿ ನೋಡಿ.